ಕೋಲಿಗೆ ಬಲ್ಬ್ ಕಟ್ಟಿ ಲೈಟ್ ಪಾಯಿಂಟ್ ಗುರುತಿಸಿದೆ: ನನ್ನ ಅನುಭವ

"ಚಾವಣಿ ಮೋಲ್ಡ್‌ನಲ್ಲಿ ಫ್ಯಾನ್ ಪಾಯಿಂಟ್ ಸಾಕು, ಲೈಟಿಗೆ ಪೈಪ್ ಬೇಡ" ಅಂದಾಗ ಗಾರೆ ಮೇಸ್ತ್ರಿ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. ಇಪ್ಪತ್ತು ವರ್ಷದಿಂದ ಚಿತ್ರದುರ್ಗದಲ್ಲಿ ಬೇರೆಯವರ ಮನೆಗೆ ವೈರಿಂಗ್ ಮಾಡಿಕೊಂಡು ಬಂದವನು ಸ್ವಂತ ಮನೆಗೆ ಹೀಗೆ ಮಾಡ್ತಾನಲ್ಲ ಅಂತ ಅವರಿಗೆ. ನಮ್ಮ ಮಾವನವರಂತೂ ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. "ಹಾಲಿಗೆ ಫಾಲ್ಸ್ ಸೀಲಿಂಗ್ ಇಲ್ಲ ಅಂದ್ರೆ ಗೃಹಪ್ರವೇಶಕ್ಕೆ ಬಂದೋರು ಏನಂದಾರು?" ಅಂತ ಅವರ ಚಿಂತೆ. ಈಗ ಆ ಮನೆಗೆ ಬಂದು ಎರಡು ಮಳೆಗಾಲ ಕಳೆದಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸೈಟು 30-40. ಎರಡು ರೂಮು, ಹಾಲು, ಅಡುಗೆಮನೆ, ದೇವರ ಮನೆ. ಗೆಳೆಯರೊಬ್ಬರು ಒಂದು ಲೈಟಿಂಗ್ ಪ್ಲಾನ್ ಬರೆಸಿ ಕೊಟ್ಟಿದ್ದರು. ಅದರಲ್ಲಿ 38 ಪ್ಯಾನೆಲ್ ಲೈಟ್, ಜೊತೆಗೆ ಸುತ್ತಲೂ ಸ್ಟ್ರಿಪ್. ಫಾಲ್ಸ್ ಸೀಲಿಂಗ್‌ಗೇ ಎಂಬತ್ತು ಸಾವಿರದ ಮೇಲೆ. ಇಂಥ ಮನೆಗಳಿಗೆ ನಾನೇ ಎಷ್ಟೋ ಕಡೆ ಲೈಟ್ ಹಾಕಿದ್ದೇನೆ. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಹಾಲಿನಲ್ಲಿ ಹನ್ನೆರಡರಲ್ಲಿ ನಾಲ್ಕು ಮಾತ್ರ ಉರೀತಿರುತ್ತವೆ. ಉಳಿದದ್ದು ನೆಂಟರು ಬಂದಾಗ. ನೆತ್ತಿಯ ಮೇಲಿಂದ ಬೀಳುವ ಬೆಳಕಿನಲ್ಲಿ ಮುಖದ ಮೇಲೆ ನೆರಳು, ಮಲಗಿ ಮೇಲೆ ನೋಡಿದರೆ ಕಣ್ಣಿಗೆ ಚುಚ್ಚು. ನನ್ನ ಮನೆಗೆ ಅದು ಬೇಡ, ಬೆಳಕು ಗೋಡೆಯಿಂದಲೇ ಬರಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಪಾಯಿಂಟ್ ಎಲ್ಲಿ ಅನ್ನೋದನ್ನ ಕಾಗದದ ಮೇಲೆ ನಿರ್ಧರಿಸಲಿಲ್ಲ. ಸೆಂಟ್ರಿಂಗ್ ಬಿಚ್ಚಿದ ಮೇಲೆ, ಪ್ಲಾಸ್ಟರ್‌ಗೆ ಮುಂಚೆ, ಸುಮಾರು ಹತ್ತು ರಾತ್ರಿ ಕಟ್ಟಡದಲ್ಲೇ ಕಳೆದೆ. ಎಂಟಡಿ ಬಿದಿರು ಕೋಲು, ತುದಿಗೆ ಹೋಲ್ಡರ್, ಒಂಬತ್ತು ವ್ಯಾಟಿನ ಬಲ್ಬು, ಹದಿನೈದು ಮೀಟರ್ ವೈರು. ಕರೆಂಟು ಟೆಂಪರರಿ ಮೀಟರಿನಿಂದ. ನಾನು ಕೋಲು ಹಿಡಿದು ಗೋಡೆಯಿಂದ ಗೋಡೆಗೆ ಓಡಾಡೋದು, ಮನೆಯವಳು ಸಿಮೆಂಟ್ ಚೀಲದ ಮೇಲೆ ಕೂತು ಪೇಪರ್ ಓದೋದು. "ರೀ, ಇನ್ನೂ ಸ್ವಲ್ಪ ಎಡಕ್ಕೆ" ಅಂದರೆ ಎಡಕ್ಕೆ. ಸರಿ ಅನ್ನಿಸಿದಲ್ಲಿ ಸೀಮೆಸುಣ್ಣದ ಗುರುತು. ರಸ್ತೆಯಲ್ಲಿ ಹೋಗೋರು ನಿಂತು ನೋಡುತ್ತಿದ್ದರು. ನಮ್ಮ ಕೆಲಸದವರೇ ಒಬ್ಬರು "ಏನಪ್ಪಾ, ರಾತ್ರಿ ಹೊತ್ತು ನಿಧಿ ಹುಡುಕ್ತಿದೀಯಾ?" ಅಂತ ಕೇಳಿ ಹೋದರು.

ಮೊದಲ ನಾಲ್ಕು ರಾತ್ರಿಯ ಗುರುತು ಪೂರ್ತಿ ದಂಡವಾಯ್ತು. ಸಿಮೆಂಟ್ ಬ್ಲಾಕಿನ ಬೂದಿ ಬಣ್ಣದ ಗೋಡೆ ಬೆಳಕನ್ನೆಲ್ಲ ನುಂಗುತ್ತೆ. ಆ ಲೆಕ್ಕದಲ್ಲಿ ಹಾಲಿಗೆ ಐದು ಲೈಟು ಬೇಕು ಅನ್ನಿಸಿತ್ತು, ಎರಡು ಬಾಕ್ಸಿಗೆ ಗೋಡೆಯನ್ನೂ ಕಟ್ ಮಾಡಿಸಿದ್ದೆ. ಐದನೇ ದಿನ ಕ್ಯೂರಿಂಗ್ ನೀರು ಹೊಡೆಯುವಾಗ ನನ್ನ ಪಂಚೆ ಒದ್ದೆಯಾಗಿ ಹಾಲಿನಲ್ಲೇ ಹಗ್ಗಕ್ಕೆ ಹಾಕಿದ್ದೆ. ರಾತ್ರಿ ಕೋಲು ಅದರ ಪಕ್ಕ ಹೋದ ಕೂಡಲೇ ಆ ಮೂಲೆಯೆಲ್ಲ ಬೆಳ್ಳಗಾಯ್ತು. ಬಣ್ಣ ಹೊಡೆದ ಗೋಡೆ ಹೀಗೇ ಅಲ್ವಾ ಮಾಡೋದು? ಮಾರನೇ ದಿನ ಮನೆಯಿಂದ ಎರಡು ಪಂಚೆ, ಒಂದು ಬಿಳಿ ದುಪ್ಪಟಿ ತಂದು ಗೋಡೆಗೆ ಮೊಳೆ ಹೊಡೆದು ನೇತುಹಾಕಿ ಮೊದಲಿನಿಂದ ಶುರುಮಾಡಿದೆ. ಐದು ಹೋಗಿ ಮೂರಾಯ್ತು. ಕಟ್ ಮಾಡಿದ ಎರಡು ಜಾಗ ಮುಚ್ಚಿಸೋಕೆ ಕೂಲಿ ಸೇರಿ ಸಾವಿರದ ಐನೂರು ಹೋಯ್ತು.

ಅಡುಗೆಮನೆಯಲ್ಲಿ ನನ್ನ ಲೆಕ್ಕ ತಪ್ಪಿದ್ದನ್ನು ಹಿಡಿದಿದ್ದು ಮನೆಯವಳು. ಬಾಗಿಲಿನ ಮೇಲೆ ಒಂದು ಒಳ್ಳೆ ಲೈಟ್ ಇದ್ದರೆ ಮುಗೀತು ಅಂದುಕೊಂಡಿದ್ದೆ. ಅವಳು ಕಟ್ಟೆ ಬರುವ ಜಾಗದಲ್ಲಿ ಬ್ಲಾಕು ಪೇರಿಸಿ, ಮೇಲೆ ಹಲಗೆ ಇಟ್ಟು, ಮನೆಯಿಂದ ತಂದ ಈರುಳ್ಳಿ ಹೆಚ್ಚೋಕೆ ನಿಂತಳು. ನಾನು ಹಿಂದಿನಿಂದ ಬಲ್ಬ್ ಹಿಡಿದೆ. ಅವಳ ತಲೆಯ ನೆರಳು ನೇರವಾಗಿ ಈರುಳ್ಳಿಯ ಮೇಲೆ. ಚಾಕು ಎಲ್ಲಿದೆ, ಬೆರಳು ಎಲ್ಲಿದೆ ಗೊತ್ತಾಗಲ್ಲ. ಇಷ್ಟು ವರ್ಷ ಎಷ್ಟು ಅಡುಗೆಮನೆಗೆ ನಡುವೆ ಒಂದು ಲೈಟ್ ಹಾಕಿ ಬಂದಿದ್ದೇನೋ ಅಂತ ಅವತ್ತು ನಿಜಕ್ಕೂ ಬೇಜಾರಾಯ್ತು. ಕಿಟಕಿ ಲಿಂಟಲ್ ಕೆಳಗೆ ಒಂದು, ಕಪಾಟಿನ ಅಡಿಗೆ ಒಂದು ಟ್ಯೂಬು ಅಂತ ಬದಲಾಯಿಸಿದೆ. ಕಪಾಟಿನ ಅಡಿಗೆ ಮೊದಲು 12 ವೋಲ್ಟಿನ ಸ್ಟ್ರಿಪ್ ಹಾಕಿದ್ದೆ. ಅದರ ಡ್ರೈವರ್ (ವೋಲ್ಟೇಜ್ ಇಳಿಸಿ ಕೊಡುವ ಡಬ್ಬಿ) ಒಲೆಯ ಬಿಸಿಗೆ ಒಂದೇ ವರ್ಷದಲ್ಲಿ ಎರಡು ಸಲ ಹೋಯ್ತು. ಈಗ ಮಾಮೂಲಿ ಎಲ್ಇಡಿ ಟ್ಯೂಬೇ ಇದೆ.

ಗೋಡೆಯಿಂದ ಬಲ್ಬ್ ಎಷ್ಟು ಇಂಚು ಮುಂದೆ ಇರಬೇಕು, ಮೇಲೆ ಎಷ್ಟು ಜಾಗ ಬಿಟ್ಟರೆ ಚಾವಣಿ ತಾನೇ ಬೆಳಗುತ್ತೆ ಅನ್ನೋ ಅಳತೆ ಮಾತ್ರ ಇಲ್ಲಿ ಬರೆಯಲ್ಲ. ಅದು ಹತ್ತು ರಾತ್ರಿ ನಿದ್ದೆಗೆಟ್ಟು ಸಿಕ್ಕಿದ್ದು, ಈಗ ಅದರಿಂದಲೇ ನನಗೆ ನಾಲ್ಕು ಕೆಲಸ ಬರ್ತಿವೆ.

ಬೆಳಕಿನ ಬಣ್ಣದ ವಿಷಯ: ಹಾಲು, ರೂಮು 3000 ಕೆ (ಕೆಲ್ವಿನ್, ಕಡಿಮೆ ಇದ್ದಷ್ಟೂ ಹಳದಿ, ಏರಿದಷ್ಟೂ ಬಿಳಿ), ಅಡುಗೆಮನೆ, ಬಚ್ಚಲು 4000. ಅಂಗಡಿಯವರು 6500 ಕೊಡ್ತೀನಿ, ಬೆಳಕು ಜಾಸ್ತಿ ಅಂತಾರೆ. ಕೇಳಬೇಡಿ. ಮೊದಲ ಮಳೆ ಬಿದ್ದ ರಾತ್ರಿ ಹುಳ ಬರೋದೂ ಹಳದಿ ಬೆಳಕಿಗೆ ಕಡಿಮೆ. ವರಾಂಡದಲ್ಲಿ ಎರಡೂ ಥರದ ಬಲ್ಬ್ ಅಕ್ಕಪಕ್ಕ ಉರಿಸಿ ನೋಡಿದ್ದೇನೆ, ಹಲ್ಲಿಗಳೆಲ್ಲ ಬಿಳಿ ಬಲ್ಬಿನ ಕಡೆಗೇ ಸಾಲುಗಟ್ಟಿದವು.

ವೈರಿನ ದಪ್ಪ ಲೈಟಿಗೆ 1.5 ಚದರ ಮಿ.ಮೀ., ಪ್ಲಗ್ಗಿಗೆ 2.5, ಗೀಸರಿಗೆ 4. ಇದು ಎಲ್ಲರಿಗೂ ಗೊತ್ತಿರೋದೇ. ನಾನು ಬೇರೆ ಮಾಡಿದ್ದು ನ್ಯೂಟ್ರಲ್‌ನಲ್ಲಿ, ಅಂದರೆ ಕರೆಂಟು ವಾಪಸ್ ಬರುವ ವೈರಿನಲ್ಲಿ. ಪ್ರತಿ ಸರ್ಕ್ಯೂಟಿಗೂ ಡಿಬಿಯಿಂದಲೇ (ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆ) ಬೇರೆ ನ್ಯೂಟ್ರಲ್, ಎಲ್ಲೂ ನಡುವೆ ಸೇರಿಸೋ ಹಾಗಿಲ್ಲ. ಮನೆ ಒಳಗೆ ಒಂದು, ಹೊರಗೆ ಮತ್ತು ಬಚ್ಚಲಿಗೆ ಒಂದು ಅಂತ ಎರಡು 30 ಮಿಲಿ ಆಂಪ್ ಆರ್‌ಸಿಸಿಬಿ (ಹೋದ ಕರೆಂಟು ಅಷ್ಟೂ ಅದರ ಮೂಲಕವೇ ವಾಪಸ್ ಬಾರದಿದ್ದರೆ ಲೈನ್ ಕಡಿಯುವ ಸ್ವಿಚ್). ಮೂರು ಕಾಯಿಲ್ ವೈರು ಜಾಸ್ತಿ ಹಿಡೀತು. ಅದು ಏಳು ಸಾವಿರದ ಹತ್ತಿರ, ಎರಡನೇ ಆರ್‌ಸಿಸಿಬಿ ಎರಡು ಸಾವಿರ ಚಿಲ್ಲರೆ. ಸುಮ್ನೆ ದುಡ್ಡು ದಂಡ ಅಂತ ನಮ್ಮವರೇ ಅಂದರು. ಹೋದ ಮಳೆಗಾಲದಲ್ಲಿ ಕಾಂಪೌಂಡಿನ ಪ್ಲಗ್ಗಿಗೆ ನೀರು ನುಗ್ಗಿದಾಗ ರಾತ್ರಿ ಹನ್ನೊಂದಕ್ಕೆ ಹೊರಗಿನದು ಮಾತ್ರ ಟ್ರಿಪ್ ಆಯ್ತು. ಒಳಗೆ ಫ್ಯಾನೂ ನಿಲ್ಲಲಿಲ್ಲ, ಮಲಗಿದ್ದ ಮಕ್ಕಳಿಗೆ ಗೊತ್ತೂ ಆಗಲಿಲ್ಲ.

ಆದರೆ ಶುರುವಿನಲ್ಲಿ ಇದೇ ನ್ಯೂಟ್ರಲ್ ನನಗೆ ಎರಡು ದಿನ ಕಣ್ಣೀರು ಹಾಕಿಸಿದೆ. ಇನ್ವರ್ಟರ್ ಕೂಡಿಸಿದ ತಕ್ಷಣ ಒಳಗಿನ ಆರ್‌ಸಿಸಿಬಿ ಬೀಳೋದು. ಎತ್ತಿದರೆ ಬೀಳೋದು. ಗೃಹಪ್ರವೇಶಕ್ಕೆ ಮೂರೇ ದಿನ ಬಾಕಿ. ಒಂದೊಂದೇ ಬೋರ್ಡ್ ಬಿಚ್ಚಿ ನೋಡಿದರೆ, ನನ್ನ ಜೊತೆಯ ಹುಡುಗ ಹಿಂದಿನ ರೂಮಿನ ಬಾಕ್ಸಿನಲ್ಲಿ ಇನ್ವರ್ಟರ್ ನ್ಯೂಟ್ರಲ್ಲನ್ನು ಪ್ಲಗ್ ಲೈನಿನ ನ್ಯೂಟ್ರಲ್ಲಿಗೆ ತಿರುಚಿ ಟೇಪು ಸುತ್ತಿದ್ದ. ಎರಡೂ ಕಪ್ಪು ವೈರು, ಅವನ ತಪ್ಪಲ್ಲ. ಗುರುತು ಹಾಕದೇ ಬಿಟ್ಟಿದ್ದು ನಾನು. ಈಗ ಇನ್ವರ್ಟರ್ ನ್ಯೂಟ್ರಲ್ ಎಲ್ಲೆಲ್ಲಿ ಕಾಣುತ್ತೋ ಅಲ್ಲೆಲ್ಲ ಬಿಳಿ ಟೇಪು ಇಲ್ಲದೆ ಬಾಕ್ಸ್ ಮುಚ್ಚೋಕೇ ಬಿಡಲ್ಲ.

ರೂಮಿನ ಒಂದು ಬಲ್ಬ್ ಆಫ್ ಮಾಡಿದರೂ ಮಿಣಿಮಿಣಿ ಅಂತಿತ್ತು. ಇಂಡಿಕೇಟರ್ ಇರುವ ಸ್ವಿಚ್ ತೆಗೆದು ಸಾದಾ ಸ್ವಿಚ್ ಹಾಕಿದೆ, ನಿಂತಿತು.

ಇನ್ನು ಅರ್ಥಿಂಗ್. ದುರ್ಗದಲ್ಲಿ ಮನೆ ಕಟ್ಟಿದವರಿಗೆ ಈ ಕಷ್ಟ ಹೇಳಬೇಕಾಗಿಲ್ಲ. ಮೂರಡಿ ಗೊರಚು ಮಣ್ಣು ತೆಗೆದ ಮೇಲೆ ಹಾರೆ ಟಣ್ ಅಂತು. ಕಂಪ್ರೆಸರ್ ತರಿಸಿ ಹೇಗೋ ಐದಡಿ ಇಳಿಸಿ, ಪೈಪು ನೆಟ್ಟು, ಇದ್ದಿಲು ತುಂಬಿ ಟೆಸ್ಟರ್ ಹಾಕಿದರೆ 20 ಓಮ್ ಮೇಲೆ (ಇದು ಕಡಿಮೆ ಇದ್ದಷ್ಟೂ ಅರ್ಥಿಂಗ್ ಒಳ್ಳೇದು). ಇನ್ನೂ ಆಳಕ್ಕೆ ಹೋಗೋಕೆ ಮತ್ತೆ ಆರು ಸಾವಿರ ಕೇಳಿದರು. ಆಳ ಬಿಟ್ಟು ಅಡ್ಡಕ್ಕೆ ಹೋದೆ. ಕಾಂಪೌಂಡ್ ಗೋಡೆಯ ಉದ್ದಕ್ಕೆ ಎರಡೂವರೆ ಅಡಿ ಆಳದ ಕಾಲುವೆ, ಸುಮಾರು 25 ಅಡಿ. ಅದರಲ್ಲಿ ಜಿಐ ಪಟ್ಟಿ ಮಲಗಿಸಿ, ಆ ತುದಿಯಲ್ಲಿ ಇನ್ನೊಂದು ಗುಂಡಿ ಮಾಡಿ ಎರಡನ್ನೂ ಸೇರಿಸಿದೆ. ನಾಲ್ಕಕ್ಕೆ ಇಳೀತು! ಅವತ್ತು ಟೆಸ್ಟರಿನ ಮುಳ್ಳು ನೋಡಿ ಆದ ಖುಷಿ ಗೃಹಪ್ರವೇಶದ ದಿನವೂ ಆಗಲಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಏಳರ ಹತ್ತಿರ ಹೋಗಿತ್ತು. ಫಿಲ್ಟರಿನ ವೇಸ್ಟ್ ನೀರಿನ ಪೈಪನ್ನು ಗುಂಡಿಗೆ ತಿರುಗಿಸಿದ ಮೇಲೆ ಐದರೊಳಗೇ ನಿಂತಿದೆ. ಉಪ್ಪು ಹಾಕಿಲ್ಲ, ಅದು ಜಿಐ ಪೈಪನ್ನು ತಿಂದುಹಾಕುತ್ತೆ. ಬದಲಿಗೆ ಏನು ಹಾಕಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಒಟ್ಟು ಲೈಟು 17. ವೈರು, ಸ್ವಿಚ್, ಡಿಬಿ, ಲೈಟು, ಕರೆಂಟ್ ಕಡಿಮೆ ಎಳೆಯುವ ನಾಲ್ಕು ಬಿಎಲ್‌ಡಿಸಿ ಫ್ಯಾನು ಎಲ್ಲ ಸೇರಿ ಒಂದು ಲಕ್ಷ ಮೂವತ್ತು ಸಾವಿರದ ಆಸುಪಾಸು. ನನ್ನ ಕೂಲಿ ಸೇರಿಸಿಲ್ಲ. ಸಾಮಾನು ಅರ್ಧ ಇಲ್ಲೇ, ಅರ್ಧ ದಾವಣಗೆರೆಯಿಂದ ತಂದೆ. ಕಾಯಿಲಿಗೆ ನೂರಿನ್ನೂರು ಉಳಿದರೂ ಬಸ್ ಚಾರ್ಜು, ಬೆಣ್ಣೆ ದೋಸೆ ಕಳೆದರೆ ಲೆಕ್ಕ ಸಮ. ತಿಂಗಳಿಗೆ 70 ಯೂನಿಟ್ ಆಚೀಚೆ ಬರುತ್ತೆ, ಗೃಹಜ್ಯೋತಿಯ 200ರ ಹತ್ತಿರವೂ ಹೋಗಿಲ್ಲ. ಒಂದು ದಿನ ಲೈನ್ ಕೆಲಸ ಅಂತ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕರೆಂಟ್ ಇರಲಿಲ್ಲ. ಮೂರು ಫ್ಯಾನು ದಿನವಿಡೀ ತಿರುಗಿದವು, ಒಂದೇ 150 ಎಎಚ್ ಬ್ಯಾಟರಿಯಲ್ಲಿ. ಅವತ್ತು ಮಾವನವರು ನಮ್ಮಲ್ಲೇ ಇದ್ದರು. ಫಾಲ್ಸ್ ಸೀಲಿಂಗ್ ಮಾತು ಆಮೇಲೆ ಎತ್ತಿಲ್ಲ.

ಗೇಟಿನ ದೀಪ ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಸೆನ್ಸರ್ ಹಾಕಿದೆ, ಬೀದಿ ನಾಯಿ ಹಾದರೂ ಹತ್ತುತ್ತೆ, ರಾತ್ರಿಗೆ ಮೂವತ್ತು ನಲವತ್ತು ಸಲ. ಈ ವಾರ ಸೆನ್ಸರಿನ ಲೆನ್ಸಿನ ಕೆಳಗಿನ ಅರ್ಧಕ್ಕೆ ಕಪ್ಪು ಟೇಪು ಅಂಟಿಸಿದ್ದೇನೆ. ನಿನ್ನೆ ಎಂಟೇ ಸಲ ಹತ್ತಿತು.