ಸೈಟ್ ಓಪನ್ ಆಗ್ತಿಲ್ವಾ? ತಾರೀಖೂ ನೋಡಿ

ದಾವಣಗೆರೆಯ ಮನೆಯಲ್ಲಿ ಕೂತು ಮೆಕ್ಕೆಜೋಳದ ಧಾರಣೆ ನೋಡಲು ಹೋದರೆ ಪುಟ ಬರೀ ಸುತ್ತುತ್ತಿದೆಯೇ? ಅದೇ ಸೈಟನ್ನು ಮೊಬೈಲ್‌ನಲ್ಲಿ ವೈಫೈ ಆಫ್ ಮಾಡಿ ತೆರೆಯಿರಿ. ಅಲ್ಲೂ ಬರದಿದ್ದರೆ ತೊಂದರೆ ಬಹುಶಃ ಸೈಟಿನದೇ.

ಬಂದರೆ ರೂಟರ್ ನೋಡಿ. ಫೈಬರ್ ಕನೆಕ್ಷನ್‌ನಲ್ಲಿ ರೂಟರಿನ ಎಲ್‌ಒಎಸ್ (LOS) ಎಂದು ಬರೆದ ದೀಪ ಕೆಂಪಗಿದ್ದರೆ ಸಿಗ್ನಲ್ಲೇ ಇಲ್ಲ; ಕಂಪ್ಯೂಟರ್ ಕೆದಕಿ ಫಲವಿಲ್ಲ, ಇಂಟರ್ನೆಟ್‌ನವರಿಗೆ ಫೋನ್ ಮಾಡಿ. ದೀಪ ಸರಿಯಿದ್ದರೆ ರೂಟರ್ ಆಫ್ ಮಾಡಿ, 30 ಸೆಕೆಂಡ್ ಬಿಟ್ಟು ಹಾಕಿ.

ಎಲ್ಲ ಸೈಟಿನಲ್ಲೂ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆಯೇ? ಕಂಪ್ಯೂಟರಿನ ತಾರೀಖು ತಪ್ಪಿದ್ದರೆ ಸೈಟ್ ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್‌ನ ಅವಧಿ ತಾಳೆಯಾಗುವುದಿಲ್ಲ. ಕರೆಂಟ್ ಹೋದಾಗಲೆಲ್ಲ ವರ್ಷ ಹಿಂದೆ ಸರಿದರೆ ಮದರ್‌ಬೋರ್ಡಿನಲ್ಲಿ (ಕಂಪ್ಯೂಟರಿನೊಳಗಿನ ಮುಖ್ಯ ಬೋರ್ಡ್) ತಾರೀಖು ಕಾಯುವ ಬಿಲ್ಲೆಯಂಥ ಸೆಲ್ ಮುಗಿದಿದೆ. ಹೆಚ್ಚಿನವುಗಳಲ್ಲಿ ಅದು ಸಿಆರ್2032. ಪ್ಲಗ್ ಕಿತ್ತು, ಪ್ಲಸ್ ಗುರುತಿನ ಮುಖ ಹಳೆಯದರಂತೆಯೇ ಇರುವ ಹಾಗೆ ಹೊಸದನ್ನು ಕೂರಿಸಿ, ತಾರೀಖು ಸರಿಪಡಿಸಿ.