ಹಗಲು ಹೊತ್ತಿನ ಡ್ರಾಕುಲಾ

‘ಡ್ರಾಕುಲಾ’ವನ್ನು ಪ್ರೇಮಕಥೆಯಾಗಿ ಕಿರುಚಿತ್ರ ಮಾಡಲು ಹೊರಟಾಗ ನಾನು ಮಾಡಿದ ಮೊದಲ ತಪ್ಪು, ಪುಸ್ತಕ ಓದದೇ ಚಿತ್ರಕಥೆ ಬರೆದದ್ದು. ಕಥೆ ಗೊತ್ತಿರುವುದೇ ಅಲ್ವಾ ಅಂದುಕೊಂಡಿದ್ದೆ. ರಕ್ತಪಿಶಾಚಿ ಕೌಂಟ್ ಡ್ರಾಕುಲಾನ ಸತ್ತ ಹೆಂಡತಿ, ನಾಯಕಿ ಮಿನಾ ಆಗಿ ಮತ್ತೆ ಹುಟ್ಟಿರುತ್ತಾಳೆ, ಕೌಂಟ್ ಅವಳಲ್ಲಿ ಹಳೆಯ ಪ್ರೀತಿ ಹುಡುಕುತ್ತಾನೆ. ಆಮೇಲೆ ಓದಿದರೆ 1897ರ ಕಾದಂಬರಿಯಲ್ಲಿ ಅದು ಇಲ್ಲವೇ ಇಲ್ಲ! 1992ರ ಸಿನಿಮಾ ನನ್ನ ತಲೆಯಲ್ಲಿ ಪುಸ್ತಕವಾಗಿ ಕೂತುಬಿಟ್ಟಿತ್ತು. ಅದನ್ನು ಬರೆದ ಬ್ರಾಮ್ ಸ್ಟೋಕರ್ ತೀರಿಕೊಂಡದ್ದು 1912ರಲ್ಲಿ, ಕಾದಂಬರಿಯನ್ನು ಯಾರು ಬೇಕಾದರೂ ಬಳಸಬಹುದು. ಸಿನಿಮಾದವರು ಸೇರಿಸಿದ್ದನ್ನು ಎತ್ತುವುದು ಬೇರೆ ಮಾತು. ಆ ಡ್ರಾಫ್ಟ್ ಹರಿದು ಹಾಕಿದೆ.

ಇನ್ನೊಂದು ತೊಡಕಿತ್ತು. ಕಾದಂಬರಿ ನಡೆಯುವುದು ಡೈರಿ, ಕಾಗದ, ಪತ್ರಿಕೆಯ ತುಣುಕುಗಳಲ್ಲಿ. ಉಳಿದವರು ತಮ್ಮ ಮನಸ್ಸನ್ನು ಬರೆದುಕೊಳ್ಳುತ್ತಾರೆ, ಕೌಂಟ್ ಬರೆದುಕೊಳ್ಳುವುದಿಲ್ಲ. ಮೊದಲ ನಾಲ್ಕು ಅಧ್ಯಾಯ ಕಳೆದ ಮೇಲೆ ಅವನು ಕಣ್ಣಿಗೆ ಬೀಳುವುದೂ ಅಪರೂಪ. ಅವನ ಮನಸ್ಸನ್ನು ಎಲ್ಲಿಂದ ತರುವುದು? ಮೂರನೇ ಅಧ್ಯಾಯದಲ್ಲಿ ಒಂದು ಎಳೆ ಸಿಕ್ಕಿತು. ನೀನು ಯಾವತ್ತೂ ಪ್ರೀತಿಸಿದವನೇ ಅಲ್ಲ ಅಂತ ಕೋಟೆಯ ಹೆಂಗಸೊಬ್ಬಳು ಹಂಗಿಸಿದಾಗ, ನನಗೂ ಪ್ರೀತಿಸಲು ಬರುತ್ತದೆ ಅನ್ನುತ್ತಾನೆ. ಅದನ್ನು ಗೋಡೆಗೆ ಅಂಟಿಸಿಕೊಂಡೆ.

ಆದರೆ ದಾರಿ ತೋರಿಸಿದ್ದು ಬಿಸಿಲು. ಬಿಸಿಲು ತಾಗಿದರೆ ರಕ್ತಪಿಶಾಚಿ ಸಾಯುತ್ತದೆ ಅನ್ನುವುದು ಸಿನಿಮಾದ ಕಾಣಿಕೆ, 1922ರ ‘ನೊಸ್ಫೆರಾಟು’ವಿನದು. ಸ್ಟೋಕರನ ಕೌಂಟ್ ಹಾಡಹಗಲೇ ಲಂಡನ್ನಿನ ಪಿಕಡಿಲಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲಲ್ಲಿ ಅವನ ಶಕ್ತಿ ಕುಂದಿರುತ್ತದೆ, ಅಷ್ಟೇ. ಅಂದರೆ ಹಗಲಲ್ಲಿ ಅವನು ಹೆಚ್ಚುಕಮ್ಮಿ ಬರೀ ಒಬ್ಬ ಗಂಡಸು! ಕಾದಂಬರಿಯಲ್ಲಿ ಅವನು ರಾತ್ರಿ ಬಂದು ಮಿನಾಗೆ ಬಲವಂತವಾಗಿ ತನ್ನ ರಕ್ತ ಕುಡಿಸುತ್ತಾನೆ. ಅದಕ್ಕೆ ಪಿಟೀಲು ಹಾಕಿ ಪ್ರೇಮ ಅನ್ನಲು ನನಗೆ ಮನಸ್ಸು ಬರಲಿಲ್ಲ. ಅವರ ಭೇಟಿಗಳನ್ನೆಲ್ಲ ಹಗಲಿಗೆ ತಂದೆ. ಬೇಡವಾದರೆ ಅವಳು ಎದ್ದು ಹೋಗಬಹುದು. ಅವಳು ಹೋಗದೇ ಕೂತಿರುವುದೇ ಕಥೆ.

ತುಂಬಾ ಕಾಡಿಸಿದ್ದು ಕನ್ನಡಿಯ ಸೀನ್. ರಕ್ತಪಿಶಾಚಿಗೆ ಪ್ರತಿಬಿಂಬ ಇಲ್ಲವಲ್ಲ, ಹಾಗಾಗಿ ಅವನು ಅವಳ ತಲೆ ಬಾಚುತ್ತಾನೆ, ಕನ್ನಡಿಯಲ್ಲಿ ಬಾಚಣಿಗೆ ಮಾತ್ರ ತಾನಾಗಿ ಓಡಾಡುತ್ತದೆ. ಕಂಪ್ಯೂಟರಿನಲ್ಲಿ ಅಳಿಸುವ ಬದಲು ಹಳೇ ಉಪಾಯ ಹಿಡಿದೆವು. ಚೌಕಟ್ಟಿನಲ್ಲಿ ಗಾಜೇ ಇಲ್ಲ. ಕ್ಯಾಮೆರಾಗೆ ಬೆನ್ನು ಕೊಟ್ಟು ಕೂತವಳು ಡ್ಯೂಪ್, ಚೌಕಟ್ಟಿನ ಆಚೆ ಮುಖ ತೋರಿಸುವವಳು ನಾಯಕಿ. ಆಚೆಯ ಬಾಚಣಿಗೆಗೆ ಗಾಳದ ದಾರ ಕಟ್ಟಿ ಮೇಲಿನಿಂದ ಎಳೆದೆವು. ದಾರ ಲೈಟಿಗೆ ಮಿಂಚಿತು, ಇದ್ದಿಲ ಪುಡಿ ಸವರಿದೆವು. ಡ್ಯೂಪ್ ಬಲಗೈ ಎತ್ತಿದರೆ ನಾಯಕಿ ಎಡಗೈ ಎತ್ತಬೇಕು, ಪಾಪ, ಮತ್ತೆ ಮತ್ತೆ ತಪ್ಪುತ್ತಿದ್ದಳು. ಹನ್ನೊಂದನೇ ಟೇಕಿನಲ್ಲಿ ಬಾಚಣಿಗೆ ಕೂದಲ ಸಿಕ್ಕಿನಲ್ಲಿ ಸಿಕ್ಕಿಕೊಂಡು ನಿಂತಿತು. ಅವಳು ಸುಮ್ನೆ ಕೈ ಎತ್ತಿ, ಕಾಣದ ಆ ಕೈಯನ್ನು ಹಿಡಿದುಕೊಂಡಳು. ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಈಚೆ ಡ್ಯೂಪ್ ಕೈ ಎತ್ತಿರಲಿಲ್ಲ, ಹಾಗಾಗಿ ನಾಯಕಿಯ ಮುಖದ ಕ್ಲೋಸಪ್ ಆಗಿ ಕತ್ತರಿಸಿ ಇಟ್ಟುಕೊಂಡೆ.

ಕಾದಂಬರಿಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಚೂರಿ ಏಟಿಗೆ ಅವನು ಸಾಯುತ್ತಾನೆ. ನಮ್ಮದರಲ್ಲಿ ಅದೇ ಹೊತ್ತಿಗೆ ಅವನು, “ಇನ್ನು ಹೊರಡಿ, ಕತ್ತಲಾದ ಮೇಲೆ ನನ್ನನ್ನು ನಂಬಬೇಡಿ” ಅನ್ನುತ್ತಾನೆ. ಅವಳು ಎದ್ದು ದೀಪ ಹಚ್ಚಿ, ಮತ್ತೆ ಬಂದು ಕೂರುತ್ತಾಳೆ. ಕಚ್ಚುವ ಶಾಟ್ ಎಲ್ಲಿಟ್ಟಿದ್ದೀರಿ ಅಂತ ಎಡಿಟರ್ ಫೈಲುಗಳನ್ನೆಲ್ಲ ಜಾಲಾಡಿದರು. ನಾನು ತೆಗೆದೇ ಇರಲಿಲ್ಲ.