ಎರಡು ಬ್ಯಾಟರಿಗಳ ಮೈಕ್ ಪ್ರೀಆಂಪ್: ನನ್ನ ಅನುಭವ

ವಿದ್ಯುತ್ ಸಂಪರ್ಕವಿಲ್ಲದ ಜಾಗಗಳಿಗೆ ಹೋಗಿ ವಯಸ್ಸಾದವರ ಮಾತು ಮತ್ತು ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಜೇಬಿನಲ್ಲಿ ಹಿಡಿಸುವ ರೆಕಾರ್ಡರ್ ಒಂದು, ಶೂರ್ ಎಸ್‌ಎಂ58 ಡೈನಮಿಕ್ ಮೈಕ್ ಒಂದು, ಇಷ್ಟೇ ನನ್ನ ಸಲಕರಣೆ. ಈ ಮೈಕ್ ದೂಳು, ತೇವ, ಬೀಳುವ ಪೆಟ್ಟು ಎಲ್ಲವನ್ನೂ ತಾಳಿಕೊಳ್ಳುತ್ತದೆ. ಆದರೆ ಮನೆಗೆ ಬಂದು ಹೆಡ್‌ಫೋನಿನಲ್ಲಿ ಕೇಳಿದರೆ ಮಾತಿನ ಹಿಂದೆ ಉದ್ದಕ್ಕೂ ಸುಯ್ಯೆನ್ನುವ ಸದ್ದು ಇರುತ್ತಿತ್ತು. ಮೆಲುದನಿಯ ಅಜ್ಜಿಯೊಬ್ಬರು ಪದದ ಕೊನೆಯ ಅಕ್ಷರವನ್ನು ಉಸಿರಿನಲ್ಲೇ ಮುಗಿಸಿದ್ದರೆ, ಆ ಅಕ್ಷರ ಈ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಮೈಕಿನ ಸಂಕೇತವನ್ನು ರೆಕಾರ್ಡರಿಗಿಂತ ಮೊದಲೇ ದೊಡ್ಡದು ಮಾಡುವ ಸಾಧನ, ಅಂದರೆ ಪ್ರೀಆಂಪ್, ಬೇಕೆಂದು ನನಗೆ ಮನವರಿಕೆಯಾದದ್ದು ಅಂತಹ ಅಕ್ಷರಗಳನ್ನು ಕಳೆದುಕೊಂಡ ಮೇಲೆ.

ತಪ್ಪು ಮೈಕಿನದಲ್ಲ. 94 ಡೆಸಿಬೆಲ್ ಮಟ್ಟದ ಸದ್ದಿಗೆ ಈ ಮೈಕ್ ಕೊಡುವುದು ಸುಮಾರು 1.85 ಮಿಲಿವೋಲ್ಟ್. ಗೇಣುದ್ದ ದೂರದಿಂದ ಸಹಜವಾಗಿ ಆಡುವ ಮಾತು 74 ಡೆಸಿಬೆಲ್‌ನ ಆಸುಪಾಸಿನಲ್ಲಿದೆ ಎಂದಿಟ್ಟುಕೊಂಡರೆ, ಪ್ರತಿ 20 ಡೆಸಿಬೆಲ್ ಇಳಿತಕ್ಕೆ ವೋಲ್ಟೇಜ್ ಹತ್ತನೆಯ ಒಂದು ಪಾಲಿಗೆ ಇಳಿಯುವುದರಿಂದ, ಕೈಗೆ ಸಿಗುವುದು 0.185 ಮಿಲಿವೋಲ್ಟ್. ಚಿಕ್ಕ ರೆಕಾರ್ಡರಿನ ಮೈಕ್ ಇನ್‌ಪುಟ್ ಇಷ್ಟು ಕ್ಷೀಣವಾದ ಸಂಕೇತವನ್ನು ಹಿಗ್ಗಿಸುವಾಗ ತನ್ನದೇ ಸದ್ದನ್ನೂ ಅಷ್ಟೇ ಹಿಗ್ಗಿಸುತ್ತದೆ. ರೆಕಾರ್ಡರಿಗೆ ತಲುಪುವ ಮೊದಲೇ ಸಂಕೇತವನ್ನು ನಿಶ್ಶಬ್ದವಾಗಿ ನೂರು, ಮುನ್ನೂರು ಪಟ್ಟು ದೊಡ್ಡದು ಮಾಡಿ, ಜೋರಾದ ಸಂಕೇತಗಳಿಗೆಂದಿರುವ ಲೈನ್ ಇನ್‌ಪುಟ್‌ಗೆ ಕೊಟ್ಟರೆ, ರೆಕಾರ್ಡರಿನ ಸ್ವಂತ ಸದ್ದು ಇದ್ದಲ್ಲೇ ಇದ್ದರೂ ಮಾತು ಅದಕ್ಕಿಂತ ಬಹಳ ಮೇಲೆ ನಿಲ್ಲುತ್ತದೆ.

ಮೊದಲು ಸಿದ್ಧವಾಗಿ ಸಿಗುವುದನ್ನೇ ಹುಡುಕಿದೆ. ಮೈಕ್ ಮತ್ತು ಕೇಬಲಿನ ನಡುವೆ ಸೇರಿಸುವ ಪುಟ್ಟ ಬೂಸ್ಟರ್‌ಗಳು ಕಣ್ಣಿಗೆ ಬಿದ್ದವು. ಆದರೆ ಅವು ನಡೆಯುವುದು ಮೈಕ್ ಕೇಬಲಿನ ಮೂಲಕವೇ ಬರುವ 48 ವೋಲ್ಟ್‌ನ ಪೂರೈಕೆಯಿಂದ, ಅಂದರೆ ಫ್ಯಾಂಟಮ್ ಪವರ್‌ನಿಂದ, ನನ್ನ ರೆಕಾರ್ಡರಿನಲ್ಲಿ ಅದೇ ಇಲ್ಲ. ಬ್ಯಾಟರಿಯಿಂದ ನಡೆಯುವ ಫೀಲ್ಡ್ ಮಿಕ್ಸರ್‌ಗಳು ಒಳ್ಳೆಯವೇ, ಆದರೆ ಒಂದೇ ಮೈಕಿಗಾಗಿ ಅಷ್ಟು ಭಾರ ಮತ್ತು ಅಷ್ಟು ಖರ್ಚು ನನಗೆ ಸರಿಬರಲಿಲ್ಲ. ಬೆಸುಗೆಯ ಕೆಲಸ ತಿಳಿದಿದ್ದರಿಂದ ನಾನೇ ಕಟ್ಟಲು ಕುಳಿತೆ.

ಸಂಕೇತವನ್ನು ಹಿಗ್ಗಿಸುವ ಚಿಪ್, ಅಂದರೆ ಐಸಿಯ ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೈಕ್ ಪ್ರೀಆಂಪ್‌ಗೆಂದೇ ಮಾಡಿದ, ಈಗ ತಯಾರಿಕೆ ನಿಂತಿರುವ ಎಸ್‌ಎಸ್‌ಎಂ2017 ಎಂಬ ಐಸಿಯ ಪಿನ್ ಜೋಡಣೆಗೆ ಹೊಂದುವ ಐಎನ್‌ಎ217 ಸಿಕ್ಕಿತು. ಅದರ ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ತೀರ್ಮಾನವಾಗುವುದು ಒಂದೇ ರೆಸಿಸ್ಟರಿನಿಂದ: 10,000 ಓಮ್ ಅನ್ನು ಆ ರೆಸಿಸ್ಟರಿನ ಬೆಲೆಯಿಂದ ಭಾಗಿಸಿ ಒಂದನ್ನು ಕೂಡಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ತಿರುಗಿಸುವ ಪೊಟೆನ್ಶಿಯೋಮೀಟರ್ ಹಾಕದೆ, 20, 30, 40 ಮತ್ತು 50 ಡೆಸಿಬೆಲ್‌ಗಳಿಗೆ ನಾಲ್ಕು ಸ್ಥಿರ ರೆಸಿಸ್ಟರ್‌ಗಳನ್ನು ರೋಟರಿ ಸ್ವಿಚ್ಚಿಗೆ ಬೆಸೆದೆ. ಹೀಗೆ ಮಾಡಿದರೆ ಇವತ್ತಿನ ಮುದ್ರಣದ ಮಟ್ಟವನ್ನು ಆರು ತಿಂಗಳ ಹಿಂದಿನದರ ಜೊತೆ ನೇರವಾಗಿ ಹೋಲಿಸಬಹುದು. ಈ ರೆಸಿಸ್ಟರಿನ ಸಾಲಿನಲ್ಲಿ ಒಂದು ದೊಡ್ಡ ಕೆಪಾಸಿಟರ್ ಇರಲೇಬೇಕು, ಇಲ್ಲದಿದ್ದರೆ ಗೇನ್ ಬದಲಿಸಿದಾಗಲೆಲ್ಲ ಕಿವಿಗೆ ಟಪ್ಪೆಂದು ಬಡಿಯುತ್ತದೆ. 50 ಡೆಸಿಬೆಲ್‌ಗೆ ಬೇಕಾದ 33 ಓಮ್‌ನ ಜೊತೆ 1,000 ಮೈಕ್ರೋಫ್ಯಾರಡ್ ಹಾಕಿದ್ದೇನೆ. ಆಗ ಹಾದುಹೋಗುವ ಸ್ವರಗಳ ಕೆಳಗಿನ ಮಿತಿ 5 ಹರ್ಟ್ಸ್‌ನ ಹತ್ತಿರ ನಿಲ್ಲುತ್ತದೆ, ಮಾತಿಗೂ ಹಾಡಿಗೂ ಅಷ್ಟು ಧಾರಾಳವಾಗಿ ಸಾಕು.

ಮೊದಲ ಸಲ ಮೈಕ್ ಸಿಕ್ಕಿಸಿದಾಗ ಏನೂ ಕೇಳಿಸಲಿಲ್ಲ. ಔಟ್‌ಪುಟ್ ಪಿನ್ನಿಗೆ ಮೀಟರ್ ಹಿಡಿದರೆ ಅದು ಪೂರೈಕೆಯ ವೋಲ್ಟೇಜಿನ ಒಂದು ತುದಿಗೇ ಅಂಟಿಕೊಂಡಿತ್ತು. ಐಸಿ ಸುಟ್ಟಿದೆಯೆಂದು ಭಾವಿಸಿ ಹೊಸದನ್ನು ಹಾಕಿದೆ, ಅದೂ ಹಾಗೆಯೇ ಇತ್ತು. ನಿಜವಾದ ಕಾರಣ ತಿಳಿದದ್ದು ಮರುದಿನ. ಐಸಿಯ ಎರಡೂ ಇನ್‌ಪುಟ್‌ಗಳಿಗೆ ಅತ್ಯಲ್ಪ ಪ್ರಮಾಣದ ಕರೆಂಟ್ ಹರಿಯಲು ಗ್ರೌಂಡಿನವರೆಗೆ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟ್ ಬಿಂದುವಿನವರೆಗೆ, ದಾರಿ ಬೇಕು. ಡೈನಮಿಕ್ ಮೈಕಿನ ಸುರುಳಿ ಗ್ರೌಂಡಿಗೆ ಸೇರಿಲ್ಲದ ಕಾರಣ ಆ ದಾರಿಯನ್ನು ನಾವೇ ಮಾಡಿಕೊಡಬೇಕು. ಎರಡೂ ಇನ್‌ಪುಟ್‌ಗಳಿಂದ ಗ್ರೌಂಡಿಗೆ 2.2 ಕಿಲೋಓಮ್‌ನ ಒಂದೊಂದು ರೆಸಿಸ್ಟರ್ ಬೆಸೆದೊಡನೆ ಮೀಟರಿನ ಅಂಕಿ ಸೊನ್ನೆಯ ಬಳಿಗೆ ಬಂದು ನಿಂತಿತು, ಹೆಡ್‌ಫೋನಿನಲ್ಲಿ ನನ್ನ ಕೋಣೆಯ ಗೋಡೆ ಗಡಿಯಾರ ಕೇಳಿಸಿತು.

ನನ್ನ ಸಮಯವನ್ನೆಲ್ಲ ತಿಂದದ್ದು ವಿದ್ಯುತ್ ಪೂರೈಕೆ. ಇದನ್ನು ಕಟ್ಟಲು ಹೊರಟವರು ಐಸಿಯ ಬಗ್ಗೆ ವಾರಗಟ್ಟಲೆ ಚರ್ಚಿಸಿ ಬ್ಯಾಟರಿಯ ವಿಚಾರವನ್ನು ಕೊನೆಗೆ ಬಿಡುವುದನ್ನು ಕಂಡಿದ್ದೇನೆ, ನಾನೂ ಹಾಗೆಯೇ ಮಾಡಿದ್ದೆ. ಮೊದಲು ಪ್ರಯತ್ನಿಸಿದ್ದು ಮೊಬೈಲ್ ಚಾರ್ಜ್ ಮಾಡುವ ಪವರ್ ಬ್ಯಾಂಕ್. ಅದರ 5 ವೋಲ್ಟನ್ನು ಒಂದು ಪುಟ್ಟ ಕನ್ವರ್ಟರಿನಿಂದ ಧನ ಮತ್ತು ಋಣ 12 ವೋಲ್ಟ್‌ಗೆ ಏರಿಸಿಕೊಂಡೆ. ಎರಡು ತೊಂದರೆಗಳು ಒಟ್ಟಿಗೇ ಎದುರಾದವು. ಪ್ರೀಆಂಪ್ ಎಳೆಯುವ ಕರೆಂಟ್ ತೀರ ಕಡಿಮೆಯಾದ್ದರಿಂದ ಯಾವ ಉಪಕರಣವೂ ಸೇರಿಲ್ಲವೆಂದು ಬಗೆದ ಪವರ್ ಬ್ಯಾಂಕ್ ಸ್ವಲ್ಪ ಹೊತ್ತಿನಲ್ಲೇ ತಾನಾಗಿ ಆರಿಹೋಗುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಕನ್ವರ್ಟರಿನ ಸ್ವಿಚಿಂಗ್‌ನಿಂದ ಹುಟ್ಟಿದ ಎಳೆಯಂತಹ ಸಿಳ್ಳೊಂದು ಮಾತಿನ ಬಿಡುವುಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಫಿಲ್ಟರ್ ಸೇರಿಸಿದಾಗ ಅದು ತಗ್ಗಿತೇ ಹೊರತು ಹೋಗಲಿಲ್ಲ.

ಒಂದೇ 9 ವೋಲ್ಟ್ ಬ್ಯಾಟರಿಯ ಮಧ್ಯಬಿಂದುವನ್ನು ಕೃತಕವಾಗಿ ಸೃಷ್ಟಿಸಿ ನಡೆಸುವ ಯೋಚನೆಯೂ ಬಂದಿತ್ತು. ಐಎನ್‌ಎ217ಗೆ ಬೇಕಾದ ಕನಿಷ್ಠ ಪೂರೈಕೆ ಧನ ಮತ್ತು ಋಣ ಎರಡೂ ಕಡೆ 4.5 ವೋಲ್ಟ್, ಆದ್ದರಿಂದ ಬ್ಯಾಟರಿ ತುಸು ಇಳಿದೊಡನೆ ಐಸಿ ತನ್ನ ಮಿತಿಯ ಕೆಳಗೆ ಹೋಗುತ್ತದೆ. ಕಾಗದದ ಮೇಲಿನ ಲೆಕ್ಕದಲ್ಲೇ ಅದನ್ನು ಕೈಬಿಟ್ಟೆ.

ಕೊನೆಗೆ ಉಳಿದದ್ದು ಹಳೆಯ, ಸರಳ ದಾರಿ: ಎರಡು 9 ವೋಲ್ಟ್ ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಅವು ಸೇರುವ ಬಿಂದುವನ್ನೇ ಗ್ರೌಂಡ್ ಮಾಡುವುದು. ಇದರಲ್ಲಿ ಸ್ವಿಚ್ ಆಗುವ ಭಾಗವೇ ಇಲ್ಲ, ಹಾಗಾಗಿ ಸಿಳ್ಳೂ ಇಲ್ಲ. ಐಸಿ ಸುಮಾರು 10 ಮಿಲಿಆಂಪಿಯರ್ ಬಳಸುತ್ತದೆ. ಆಲ್ಕಲೈನ್ ಬ್ಯಾಟರಿಯ ಸಾಮರ್ಥ್ಯ ಇಂತಹ ಹಗುರ ಬಳಕೆಯಲ್ಲಿ 500 ಮಿಲಿಆಂಪಿಯರ್ ಗಂಟೆಯ ಸುತ್ತಮುತ್ತ ಇರುತ್ತದೆ. ಲೆಕ್ಕಕ್ಕೆ ಅದು 50 ಗಂಟೆಯಾದರೂ, ವೋಲ್ಟೇಜ್ ಇಳಿದಂತೆ ಜೋರಾದ ದನಿಗಳು ಒಡೆಯತೊಡಗುವುದರಿಂದ ನಾನು 30 ಗಂಟೆಗಳಾದೊಡನೆ ಎರಡನ್ನೂ ಬದಲಿಸುತ್ತೇನೆ. ಉರಿಯುವ ದೀಪಕ್ಕೆ ಇನ್ನೊಂದು 10 ಮಿಲಿಆಂಪಿಯರ್ ಕೊಟ್ಟರೆ ಒಂದು ಬ್ಯಾಟರಿಯ ಆಯುಸ್ಸು ಅರ್ಧಕ್ಕಿಳಿಯುತ್ತದೆ, ಆದ್ದರಿಂದ ಹೆಚ್ಚು ಬೆಳಕಿನ ಎಲ್‌ಇಡಿಯೊಂದನ್ನು 1 ಮಿಲಿಆಂಪಿಯರ್‌ನಲ್ಲಿ ಉರಿಸಿದ್ದೇನೆ. ಅದನ್ನು ಎರಡು ಬ್ಯಾಟರಿಗಳ ಹೊರತುದಿಗಳ ನಡುವೆ ಕಟ್ಟಿರುವುದರಿಂದ ಎರಡೂ ಸಮನಾಗಿ ಸವೆಯುತ್ತವೆ. ಆನ್ ಮಾಡುವ ಸ್ವಿಚ್ ಎರಡೂ ಬ್ಯಾಟರಿಗಳನ್ನು ಏಕಕಾಲಕ್ಕೆ ಕಡಿಯುವಂಥದ್ದೇ ಆಗಿರಬೇಕು. ಒಂದನ್ನು ಮಾತ್ರ ಕಡಿದರೆ ಇನ್ನೊಂದು ಐಸಿಯ ಮೂಲಕ ಸೋರುತ್ತಲೇ ಇರಬಹುದು.

ಸದ್ದು ಎಷ್ಟು ಉಳಿದಿದೆ ಎಂಬುದನ್ನು ಕಿವಿಯ ಅಂದಾಜಿಗೆ ಬಿಡಬಾರದೆಂದು ಒಂದು ಪರೀಕ್ಷಾ ಪ್ಲಗ್ ಮಾಡಿಕೊಂಡೆ. ಮೈಕ್ ಕೇಬಲಿಗೆ ಬಳಸುವ ಮೂರು ಪಿನ್ನಿನ ಲೋಹದ ಎಕ್ಸ್‌ಎಲ್‌ಆರ್ ಪ್ಲಗ್ಗಿನೊಳಗೆ 2 ಮತ್ತು 3ನೆಯ ಪಿನ್ನುಗಳ ನಡುವೆ 150 ಓಮ್‌ನ ರೆಸಿಸ್ಟರ್ ಬೆಸೆದು, 1ನೆಯ ಪಿನ್ನನ್ನು ಪ್ಲಗ್ಗಿನ ಕವಚಕ್ಕೆ ಸೇರಿಸಿದರೆ ಅದು ಮೌನವಾಗಿರುವ ಮೈಕಿನ ಹಾಗೆ ವರ್ತಿಸುತ್ತದೆ. ಆ ರೆಸಿಸ್ಟರ್ ಕೂಡ ಪೂರ್ತಿ ಮೂಕವಲ್ಲ. ಕೋಣೆಯ ಉಷ್ಣತೆಯಲ್ಲಿ, 20 ಕಿಲೋಹರ್ಟ್ಸ್‌ವರೆಗಿನ ವ್ಯಾಪ್ತಿಯಲ್ಲಿ, ಅದರಿಂದಲೇ ಸುಮಾರು 0.22 ಮೈಕ್ರೋವೋಲ್ಟ್ ಸದ್ದು ಹುಟ್ಟುತ್ತದೆ, ಅದಕ್ಕಿಂತ ಕೆಳಗೆ ಯಾವ ಪ್ರೀಆಂಪ್ ಕೂಡ ನಮ್ಮನ್ನು ಒಯ್ಯಲಾರದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಈ ಪ್ಲಗ್ ಹಾಕಿ ಹಳೆಯ ವಿಧಾನದಲ್ಲಿ ಒಂದು ನಿಮಿಷ, ಪ್ರೀಆಂಪ್ ಮೂಲಕ ಒಂದು ನಿಮಿಷ ಮುದ್ರಿಸಿ, ಎರಡರ ಒಟ್ಟು ಗೇನ್ ಸಮ ಮಾಡಿ ಕೇಳಿದೆ. ಮೊದಲನೆಯದರಲ್ಲಿ ಮಳೆ ಸುರಿದಂತಹ ಸದ್ದು. ಎರಡನೆಯದರಲ್ಲಿ ರೆಕಾರ್ಡರ್ ನಡೆಯುತ್ತಿದೆಯೇ ಎಂದು ಪರದೆಯನ್ನು ನೋಡಿ ಖಚಿತಪಡಿಸಿಕೊಳ್ಳಬೇಕಾಯಿತು.

ಪೆಟ್ಟಿಗೆ ಎರಕದ ಅಲ್ಯೂಮಿನಿಯಂನದು. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದಾಗ ಹತ್ತಿರದ ಮೊಬೈಲ್ ಫೋನಿನ ಟರ್‌ರ್ ಎನ್ನುವ ಸದ್ದು ಒಳಗೆ ಬರುತ್ತಿತ್ತು. ಇನ್‌ಪುಟ್ ಸಾಕೆಟ್ಟಿನ 1ನೆಯ ಪಿನ್ನನ್ನು ಅತಿ ಚಿಕ್ಕ ತಂತಿಯಿಂದ ನೇರವಾಗಿ ಪೆಟ್ಟಿಗೆಗೆ ಸೇರಿಸಿ, ಎರಡೂ ಇನ್‌ಪುಟ್‌ಗಳಿಂದ ಪೆಟ್ಟಿಗೆಗೆ 470 ಪಿಕೋಫ್ಯಾರಡ್‌ನ ಕೆಪಾಸಿಟರ್‌ಗಳನ್ನು ಬೆಸೆದ ಮೇಲೆ ಅದು ನಿಂತಿತು. ಔಟ್‌ಪುಟ್‌ಗೆ 100 ಓಮ್ ಮತ್ತು 10 ಮೈಕ್ರೋಫ್ಯಾರಡ್ ಸೇರಿಸಿರುವುದು ರೆಕಾರ್ಡರಿನ ಕಡೆಯಿಂದ ಡಿಸಿ ವೋಲ್ಟೇಜ್ ಹಿಂದಕ್ಕೆ ಬರದಿರಲೆಂದು.

ಕಂಡೆನ್ಸರ್ ಮೈಕಿಗೆ ಬೇಕಾದ ಫ್ಯಾಂಟಮ್ ಪವರ್ ಅನ್ನೂ ಇದೇ ರೀತಿ ಕನ್ವರ್ಟರ್ ಇಲ್ಲದೆ ಕೊಡಬಹುದೆಂದು ಈಗ ಪ್ರಯತ್ನಿಸುತ್ತಿದ್ದೇನೆ. 48 ವೋಲ್ಟ್ ಎಂದರೂ 44ರಿಂದ 52ರವರೆಗೆ ಅವಕಾಶವಿರುವುದರಿಂದ, ಐದು ಹೊಸ 9 ವೋಲ್ಟ್ ಬ್ಯಾಟರಿಗಳ ಸಾಲು ಅದರೊಳಗೆ ಬರುತ್ತದೆ. ಪ್ರತಿ ಇನ್‌ಪುಟ್‌ಗೆ 6.8 ಕಿಲೋಓಮ್‌ನ, ಒಂದಕ್ಕೊಂದು ನಿಖರವಾಗಿ ಹೊಂದುವ ರೆಸಿಸ್ಟರ್‌ಗಳನ್ನು ಆರಿಸಿದ್ದೇನೆ. ಆ ವೋಲ್ಟೇಜ್ ಐಸಿಗೆ ತಾಗದಂತೆ 63 ವೋಲ್ಟ್‌ನ ಕೆಪಾಸಿಟರ್‌ಗಳನ್ನೂ, ಮೈಕ್ ಸಿಕ್ಕಿಸುವಾಗಿನ ಹೊಡೆತ ತಡೆಯಲು ಡಯೋಡ್‌ಗಳನ್ನೂ ಹಾಕಬೇಕಿದೆ. ಬ್ಯಾಟರಿಗಳ ಆ ಸಾಲು ಬೇರೆಯೇ ಪೆಟ್ಟಿಗೆಯಲ್ಲಿರುತ್ತದೆ, ಡೈನಮಿಕ್ ಮೈಕ್ ಒಯ್ಯುವ ದಿನ ಅದನ್ನು ಮನೆಯಲ್ಲೇ ಬಿಟ್ಟು ಹೋಗುವಂತೆ.